ಎರಡನೇ ತಿಂಗಳ ಆರಾಮು

ಕ್ಷಯದ ಚಿಕಿತ್ಸೆಯಲ್ಲಿ ನನಗೆ ದಿಗಿಲು ಹುಟ್ಟಿಸುವುದು ಎರಡನೇ ತಿಂಗಳು. ಜ್ವರ ಬಿಟ್ಟಿರುತ್ತದೆ, ಊಟ ಸೇರುತ್ತಿರುತ್ತದೆ, ಮೈ ತುಂಬಿಕೊಂಡಿರುತ್ತದೆ. ಅಷ್ಟರಲ್ಲಿ ರೋಗಿ ನಾಪತ್ತೆ. ಹುಡುಕಿ ಕೇಳಿದರೆ, "ಆರಾಮಾಗಿದ್ದೀನಲ್ಲ ಡಾಕ್ಟ್ರೇ, ಇನ್ನೂ ಯಾಕೆ ಮಾತ್ರೆ?"

ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಈ ಸೋಮಾರಿತನವೇ ಅದರ ರಕ್ಷೆ. ಐಸೋನಿಯಜಿಡ್ ಎಂಬ ಕ್ಷಯದ ಔಷಧ ಅದರ ಮೇಣದಂಥ ಹೊರಗೋಡೆಗೆ ಬೇಕಾದ ಮೈಕೋಲಿಕ್ ಆಮ್ಲ ತಯಾರಾಗದಂತೆ ತಡೆಯುತ್ತದೆ. ಗೋಡೆ ಕಟ್ಟುತ್ತಿರುವವು ಮೊದಲ ಕೆಲವು ದಿನಗಳಲ್ಲೇ ರಾಶಿರಾಶಿ ಸಾಯುತ್ತವೆ, ನಿಮ್ಮ ಕೆಮ್ಮು ತಗ್ಗುವುದು ಅದರಿಂದ. ಕಟ್ಟುವ ಗೊಡವೆಯೇ ಇಲ್ಲದೆ ಮಲಗಿರುವವಕ್ಕೆ ಅದು ಅಷ್ಟಾಗಿ ತಟ್ಟುವುದಿಲ್ಲ. ಆಮ್ಲೀಯ ಮೂಲೆಗಳಲ್ಲಿ ಅಡಗಿದವನ್ನು ಪೈರಜಿನಮೈಡ್ ಎಂಬ ಇನ್ನೊಂದು ಔಷಧ ನೋಡಿಕೊಳ್ಳುತ್ತದೆ. ಮಿಕ್ಕವಕ್ಕೆ ನಮ್ಮ ಮುಖ್ಯ ಆಸರೆ ರಿಫಾಂಪಿಸಿನ್. ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವ ಕಿಣ್ವಕ್ಕೆ ಅದು ಅಂಟಿಕೊಂಡು, ನಕಲನ್ನು ಶುರುವಿನಲ್ಲೇ ನಿಲ್ಲಿಸಿಬಿಡುತ್ತದೆ. ಮಲಗಿದ್ದ ಬ್ಯಾಕ್ಟೀರಿಯಾ ಸ್ವಲ್ಪ ಹೊತ್ತು ಮಿಸುಕಾಡಿದರೂ ಆ ಕಿಣ್ವ ಬೇಕೇ ಬೇಕು. ಆ ಹೊತ್ತಿಗೆ ಔಷಧ ಮೈಯಲ್ಲಿರಬೇಕು. ಯಾವುದು ಯಾವ ದಿನ ಮಿಸುಕಾಡುತ್ತದೋ ಯಾರು ಹೇಳಬಲ್ಲರು? ಅದಕ್ಕೇ ದಿನವೂ ಮಾತ್ರೆ, ಅದಕ್ಕೇ ಆರು ತಿಂಗಳು.

ಎಲ್ಲರಿಗೂ ಆರೇ ತಿಂಗಳೆಂದಲ್ಲ. ಔಷಧಕ್ಕೆ ಬಗ್ಗದ ಕ್ಷಯದ ಲೆಕ್ಕ ಬೇರೆ, ಮಿದುಳಿನ ಪೊರೆಯ ಕ್ಷಯದ್ದು ಇನ್ನೂ ಬೇರೆ. ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ, ಅದು ರಿಫಾಂಪಿಸಿನ್ ಬಣ್ಣ. ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಮಾತ್ರ ಅಂದೇ ವೈದ್ಯರನ್ನು ಕಾಣಿ.

ನಿವೃತ್ತ ಗಣಿತ ಮೇಷ್ಟ್ರೊಬ್ಬರು ಹೀಗೇ ಮಾತ್ರೆ ಬಿಟ್ಟು ಕೂತಿದ್ದರು. ಕಫದ ವರದಿ ಮುಂದಿಟ್ಟು, "ನೆಗೆಟಿವ್ ಅಂದ್ರೆ ಸೊನ್ನೆ ತಾನೇ?" ಎಂದರು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ಬ್ಯಾಕ್ಟೀರಿಯಾ ಇರಬೇಕು ಮೇಷ್ಟ್ರೇ, ಎಂದೆ. ಕನ್ನಡಕ ತೆಗೆದು ವರದಿಯನ್ನು ಮತ್ತೊಮ್ಮೆ ನೋಡಿದರು.

"ಅಂದ್ರೆ ನಾಲ್ಕು ಸಾವಿರ ಇದ್ರೂ ನೆಗೆಟಿವ್ವೇ? ಇದನ್ನ ಸೊನ್ನೆ ಅಂತ ಬರೆದ ಹುಡುಗನಿಗೆ ನಾನು ಸೊನ್ನೆ ಕೊಡ್ತಿದ್ದೆ," ಎಂದು ಗೊಣಗುತ್ತಾ ಮಾತ್ರೆಗೆ ಕೈ ಚಾಚಿದರು.