ಯಾವ ಬಣ್ಣ ಮೊದಲು? ಟೇಪ್ ಕೇಳ್ರಿ

ಬಳ್ಳಾರಿಯಲ್ಲಿ ಕೂತು ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ಟಿ ಬಣ್ಣ ಹೊಡೆದು ಕೊಡೋದೇ ನನ್ನ ಕೆಲಸ, ಹೊಸಬರು ಫೋನ್ ಮಾಡಿದ್ರೆ ಮೊದಲ ಪ್ರಶ್ನೆ ಇದೇ, ಯಾವ ಬಣ್ಣದಿಂದ ಶುರು ಮಾಡ್ಲಿ ಅಂತ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ ಅಂತ ಎಲ್ರೂ ಹೇಳ್ತಾರೆ, ಸರಿನೇ, ಆದ್ರೆ ಅದರ ಜೊತೆ ನಾನು ಇನ್ನೊಂದು ನೋಡ್ತೀನಿ, ಯಾವ ಜಾಗಾನ ಮಾಸ್ಕಿಂಗ್ ಟೇಪ್ (ಬಣ್ಣ ತಾಗದಂಗೆ ಅಂಟಿಸಿ ಆಮೇಲೆ ಕೀಳೋ ಟೇಪ್) ಹಾಕಿ ಸಲೀಸಾಗಿ ಮುಚ್ಚಬಹುದು ಅಂತ. ಆ ಜಾಗಕ್ಕೆ ಮೊದಲು ಬಣ್ಣ.

ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್ ತಗೊಳ್ರಿ. 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ದಾಳಿಗೆ ಹೋದ ವಿಮಾನಗಳ ರೆಕ್ಕೆ ಮೇಲೆ, ಬಾಲದ ಹತ್ತಿರ, ಬಿಳಿ-ಕಪ್ಪು-ಬಿಳಿ-ಕಪ್ಪು-ಬಿಳಿ ಅಂತ ಐದೈದು ಪಟ್ಟಿ, ಸಿಂಗಲ್ ಎಂಜಿನ್ ಫೈಟರ್‌ಗೆ ಒಂದೊಂದು 18 ಇಂಚು ಅಗಲ. 1/72 ಸ್ಕೇಲಲ್ಲಿ, ಅಂದ್ರೆ ನಿಜವಾದ ವಿಮಾನಕ್ಕಿಂತ 72 ಪಟ್ಟು ಚಿಕ್ಕ ಮಾಡೆಲಲ್ಲಿ, ಅದು 6.35 ಮಿಲಿಮೀಟರ್, 1/48ರಲ್ಲಿ 9.5. ನಿಜವಾದ ವಿಮಾನಕ್ಕೆ ಈ ಪಟ್ಟಿನ ಕ್ಯಾಮೊಫ್ಲಾಜ್ (ಶತ್ರು ಕಣ್ಣು ತಪ್ಪಿಸೋ ಬಣ್ಣ) ಮೇಲೆ ಅವಸರದಲ್ಲಿ ಬಳಿದಿದ್ರು, ಮಾಡೆಲ್‌ನಲ್ಲಿ ನಾನು ಉಲ್ಟಾ ಹೋಗ್ತೀನಿ: ಆ ಜಾಗಕ್ಕೆಲ್ಲಾ ಮೊದಲು ಬಿಳಿ, ಬಿಳಿ ಉಳಿಬೇಕಾದ ಮೂರಕ್ಕೆ ಟೇಪ್, ಕಪ್ಪು, ಆಮೇಲೆ ಐದನ್ನೂ ಮುಚ್ಚಿ ವಿಮಾನದ ಅಡಿಭಾಗದ ಬೂದು ಬಣ್ಣ, ಕೊನೆಗೆ ಬೆನ್ನಿನ ಬೂದು-ಹಸಿರು. ಹಸಿರಿನ ಮೇಲೆ ಬಿಳಿ ಕೂರಬೇಕಂದ್ರೆ ನಾಲ್ಕೈದು ಕೋಟ್ ಬೇಕು, ಅಷ್ಟು ಹೊಡೆದ್ರೆ ಟೇಪ್ ಅಂಚಲ್ಲಿ ಬಣ್ಣ ದಪ್ಪಾಗಿ ಒಡ್ಡು ಕಟ್ಟಿದಂಗೆ ನಿಲ್ಲುತ್ತೆ, ತಗಡು ಜೋಡಿಸಿದ ಜಾಗ ತೋರಿಸೋ ಸಣ್ಣ ಪ್ಯಾನೆಲ್ ಗೆರೆಗಳೂ ಮುಚ್ಚಿ ಹೋಗ್ತವೆ.

ನಮ್ಮ ಬೀದರ್‌ನ ಸೂರ್ಯಕಿರಣ್, ಆಕಾಶದಲ್ಲಿ ಕಸರತ್ತು ತೋರಿಸೋ ವಾಯುಪಡೆ ತಂಡ, ಅದರ ಕೆಂಪು-ಬಿಳಿ ಹಾಕ್ ವಿಮಾನಕ್ಕೂ ಬಿಳಿನೇ ಮೊದಲು. ಕೆಂಪು ಪೇಂಟ್ ತೆಳು, ಬೂದು ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯೋ ಕೋಟ್) ಮೇಲೆ ಹೊಡೆದ್ರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ, ಬಿಳಿ ಮೇಲೆ ಹೊಡೆದ್ರೆನೇ ಆ ಕೆಂಪು ಉರಿಯೋದು.

ಪೈಲಟ್ ಕೂರೋ ಕಾಕ್‌ಪಿಟ್ ಮೇಲಿನ ಗಾಜಿನ ಫ್ರೇಮ್‌ಗೆ, ಹೊರಗಿನ ಕಡೆಯಿಂದಲೇ, ಮೊದಲು ಕಾಕ್‌ಪಿಟ್ ಒಳಗಿನ ಬಣ್ಣ, ಅದರ ಮೇಲೆ ಹೊರಗಿನದು. ಗಾಜಿನ ಒಳಗಿಂದ ನೋಡಿದ್ರೆ ಕಾಣೋದು ಮೊದಲು ಹೊಡೆದ ಬಣ್ಣ ತಾನೇ.

ಇನ್ನು ಟೇಪ್. ಅಂಟು ಜಾಸ್ತಿ ಅನಿಸಿದ್ರೆ ಒಂದೆರಡು ಸಲ ಅಂಗೈ ಹಿಂಭಾಗಕ್ಕೆ ಅಂಟಿಸಿ ತೆಗೀರಿ, ಮಾಡೆಲ್ ಮೇಲೆ ಹಾಕಿದ್ಮೇಲೆ ಅಂಚನ್ನ ಟೂತ್‌ಪಿಕ್‌ನಿಂದ ಒತ್ತಿ, ಅದರ ಮೇಲೆ ಕೆಳಗಿರೋ ಬಣ್ಣಾನೇ ಇನ್ನೊಂದು ತೆಳು ಕೋಟ್ ಹೊಡೀರಿ. ಬಿಳಿ ಮೇಲೆ ಟೇಪ್ ಇದ್ರೆ ಮತ್ತೆ ಬಿಳಿ. ಸಂದಿ ಇದ್ರೆ ಬಿಳಿನೇ ನುಗ್ಗಿ ಕೂತ್ಕೊಳ್ಳುತ್ತೆ, ಆಮೇಲೆ ಬರೋ ಕಪ್ಪಿಗೆ ದಾರಿನೇ ಇರಲ್ಲ, ಬಿಚ್ಚಿದಾಗ ಗೆರೆ ಬ್ಲೇಡಲ್ಲಿ ಕೊಯ್ದಂಗೆ ಬರುತ್ತೆ.

ನಮ್ಮೂರ ಬಿಸಿಲನ್ನ ಮಾತ್ರ ಮರೀಬ್ಯಾಡ್ರಿ. ಮೇ ತಿಂಗಳು 40 ಡಿಗ್ರಿ ದಾಟಿದಾಗ ಅಕ್ರಿಲಿಕ್ ಪೇಂಟ್ ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸೋ ಪೆನ್ನಿನಂಥ ಸಾಧನ) ಬಿಟ್ಟು ಮಾಡೆಲ್ ಮುಟ್ಟೋದ್ರೊಳಗೇ ಒಣಗಿ ಉಪ್ಪು ಕಾಗದದ ಥರ ತರಿತರಿ ಆಗುತ್ತೆ, ಅದಕ್ಕೇ ಬಣ್ಣ ಒಣಗೋದನ್ನ ನಿಧಾನ ಮಾಡೋ ರಿಟಾರ್ಡರ್ ಎರಡು ಹನಿ ಹಾಕಿ ಬೆಳಗ್ಗೆ ಐದಕ್ಕೇ ಕೂತ್ಕೋತೀನಿ. ಒಂದು ಬೇಸಿಗೆ ಟೇಪ್ ಹಾಕಿಟ್ಟು ಮದುವೆಗೆ ಅಂತ ಊರಿಗೆ ಹೋದೆ, ಮೂರು ದಿನ ಬಿಟ್ಟು ಬಂದು ಕಿತ್ತರೆ ಅಂಟೆಲ್ಲಾ ಕರಗಿ ರೆಕ್ಕೆಗೇ ಹಿಡಿದಿತ್ತು, ಜೊತೆಗೆ ಬಿಳಿ ಬಣ್ಣ ಪ್ಲಾಸ್ಟಿಕ್‌ವರೆಗೂ ಎದ್ದು ಬಂತು, ಇಡೀ ರೆಕ್ಕೆ ಉಜ್ಜಿ ಮೊದಲಿಂದ ಮಾಡಿದೆ. ಈಗ ಬೆಳಗ್ಗೆ ಹಾಕಿದ ಟೇಪ್ ಮಧ್ಯಾಹ್ನದೊಳಗೆ ಬಿಚ್ಚಲೇಬೇಕು, ಅದೂ ಮೇಲಕ್ಕೆ ಎಳೀದೆ, ಟೇಪನ್ನ ಅದರ ಬೆನ್ನಿಗೇ ಮಡಚಿಕೊಂಡು ನಿಧಾನಕ್ಕೆ.