ಅಪ್ಪನ ತಲೆಯನ್ನೇ ಪ್ರಿಂಟ್ ಮಾಡಿ ರೇಡಿಯೇಷನ್ ಚೆಕ್ ಮಾಡಿಸಬೇಕಾ?

ಪ್ರಶ್ನೆ: ನಮ್ಮ ತಂದೆಗೆ ಬಾಯಿ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಿಟಿ ಸ್ಕ್ಯಾನ್ ಆಯಿತು, ಮುಖಕ್ಕೆ ಮಾಸ್ಕ್ ಮಾಡಿದರು. ‘ರೇಡಿಯೇಷನ್ ಎಲ್ಲಿಗೆ, ಎಷ್ಟು ಅನ್ನುವ ಪ್ಲಾನ್ ಚೆಕ್ ಮಾಡಬೇಕು, ಒಂದು ವಾರ ಬಿಟ್ಟು ಬನ್ನಿ’ ಎಂದರು. ರೋಗಿಯ ತಲೆಯ ಹಾಗೇ ತ್ರೀಡಿ ಪ್ರಿಂಟ್ ತೆಗೆದು ಅದರಲ್ಲಿ ಡೋಸ್ ಅಳೆಯುತ್ತಾರಂತೆ. ನಾವೂ ಕೇಳಿ ಮಾಡಿಸಬೇಕಾ?

ಉತ್ತರ: ಬಹಳಷ್ಟು ಜನರಿಗೆ ಪ್ರಿಂಟ್ ಬೇಕಾಗುವುದಿಲ್ಲ. ಚೆಕ್ ಮಾತ್ರ ಬೇಕೇ ಬೇಕು. ಕಾಯುವ ಆ ವಾರ ಮನೆಯವರಿಗೆ ತುಂಬಾ ಕಷ್ಟ, ಗೊತ್ತು. ಗಡ್ಡೆ ಇರುವಾಗ ಸುಮ್ನೆ ಕೂರಿಸಿದ್ದಾರೆ ಅನ್ನಿಸುತ್ತದೆ. ಆದರೆ ಅಲ್ಲಿ ಕೆಲಸ ನಡೆಯುತ್ತಿರುತ್ತದೆ.

ರೇಡಿಯೇಷನ್ನಿನ ಪ್ರಮಾಣ, ಅಂದರೆ ಡೋಸನ್ನು ‘ಗ್ರೇ’ ಲೆಕ್ಕದಲ್ಲಿ ಹೇಳುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ದಿನಕ್ಕೆ 2 ಗ್ರೇಯಂತೆ 30ರಿಂದ 35 ಸಲ ಕೊಡುವುದು ರೂಢಿ. ಒಟ್ಟು 60–70 ಗ್ರೇ ಆಯಿತು. ಆ ಗಡ್ಡೆಯ ಜಾಗದ ಹಿಂದೆಯೇ ಬೆನ್ನುಹುರಿ ಇದೆ. ಅದಕ್ಕೆ ಸಾಮಾನ್ಯವಾಗಿ 45 ಗ್ರೇ ಆಸುಪಾಸಿನಲ್ಲೇ ಮಿತಿ ಹಾಕುತ್ತಾರೆ. ಕೆಲವೇ ಸೆಂಟಿಮೀಟರಿನಲ್ಲಿ ಇಷ್ಟು ವ್ಯತ್ಯಾಸ! ಹಾಗಾಗಿ ಡೋಸಿನ ಲೆಕ್ಕ, ಅಳತೆ ನೋಡಿಕೊಳ್ಳುವ ಮೆಡಿಕಲ್ ಫಿಸಿಸಿಸ್ಟ್ ನಿಮ್ಮ ತಂದೆಯ ಜಾಗದಲ್ಲಿ ಒಂದು ‘ಫ್ಯಾಂಟಮ್’ (ದೇಹದ ಬದಲಿಗೆ ಇಡುವ ಮಾದರಿ) ಇಟ್ಟು, ಅವರದೇ ಪ್ಲಾನನ್ನು ಮಷೀನಿನಲ್ಲಿ ಓಡಿಸಿ ನೋಡುತ್ತಾರೆ. ಹೆಚ್ಚಾಗಿ ದಿನದ ರೋಗಿಗಳೆಲ್ಲ ಮುಗಿದ ಮೇಲೆ, ಸಂಜೆ. ಕಂಪ್ಯೂಟರಿನ ಲೆಕ್ಕಕ್ಕೂ ಅಳತೆಗೂ ಡೋಸಿನಲ್ಲಿ 3 ಪರ್ಸೆಂಟ್, ಜಾಗದಲ್ಲಿ 2 ಮಿಲಿಮೀಟರ್ ಒಳಗೆ ತಾಳೆಯಾಗಬೇಕು, ಅಳೆದ ಬಿಂದುಗಳಲ್ಲಿ ನೂರಕ್ಕೆ 95 ಆದರೂ ಪಾಸಾಗಬೇಕು ಎನ್ನುವುದು ಈಗ ಬಳಕೆಯಲ್ಲಿರುವ ಒಂದು ಮಟ್ಟ.

ಆದರೆ ಈ ಮಾಮೂಲಿ ಫ್ಯಾಂಟಮ್ ಅಂದರೆ ನೀರಿನ ಗುಣದ ಪ್ಲಾಸ್ಟಿಕ್ ಹಲಗೆಗಳು, ಇಲ್ಲವೇ ದುಂಡನೆಯ ಡಬ್ಬ. ಅದಕ್ಕೆ ಮೂಗಿಲ್ಲ, ದವಡೆಯಿಲ್ಲ. ನಿಜವಾದ ಮುಖದಲ್ಲಿ ಗಾಳಿ ತುಂಬಿದ ಪೊಳ್ಳು, ಪಕ್ಕದಲ್ಲೇ ಗಟ್ಟಿ ಮೂಳೆ. ಗಾಳಿಯಿಂದ ಮಾಂಸಕ್ಕೆ ಕಿರಣ ಹೊಕ್ಕುವ ಅಂಚಿನಲ್ಲೇ ಡೋಸ್ ಲೆಕ್ಕ ಹಾಕುವುದು ಕಷ್ಟ. ಪ್ರಿಂಟ್ ಮಾಡಿದ ಫ್ಯಾಂಟಮ್ ಹುಟ್ಟಿದ್ದು ಇದಕ್ಕಾಗಿ.

ಸಿಟಿ ಸ್ಕ್ಯಾನಿನಲ್ಲಿ ಚರ್ಮ, ಮೂಳೆ, ಗಾಳಿಯ ಜಾಗ ಬೇರೆ ಬೇರೆ ಗುರುತಿಸಿ ಪ್ರಿಂಟರಿಗೆ ಕೊಡುತ್ತಾರೆ. ಚಕ್ಕುಲಿ ಒರಳಿನಿಂದ ಹಿಟ್ಟು ಎಳೆಯಾಗಿ ಇಳಿಯುವುದಿಲ್ವಾ, ಹಾಗೆ ಕರಗಿದ ಪ್ಲಾಸ್ಟಿಕ್ ಎಳೆ ಪದರದ ಮೇಲೆ ಪದರ ಕೂರುತ್ತದೆ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಬಿಡಿಭಾಗದ ಸ್ಯಾಂಪಲ್ ತೆಗೆಯುವಂಥ ಪ್ರಿಂಟರೇ ಸಾಕು. ಒಂದು ತಲೆಗೆ ಇಡೀ ದಿನವೋ ಅದಕ್ಕಿಂತ ಜಾಸ್ತಿಯೋ ಹಿಡಿಯಬಹುದು. ನಿಜವಾದ ಕಷ್ಟ ಆಕಾರದ್ದಲ್ಲ, ಸಾಂದ್ರತೆಯದು. ಸಿಟಿಯ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000, ಗಟ್ಟಿ ಮೂಳೆ 1000 ದಾಟುವುದೂ ಉಂಟು. ಶ್ವಾಸಕೋಶ ಬೇಕೆಂದರೆ ಒಳಗೆ ಜೇನುಗೂಡಿನ ಹಾಗೆ ಖಾಲಿ ಬಿಟ್ಟು ಹಗುರ ಮಾಡಬಹುದು. ಮೂಳೆಗೆ ಮಾಮೂಲಿ ಪ್ಲಾಸ್ಟಿಕ್ಕಿನ ತೂಕ ಸಾಲದು. ಆ ಜಾಗ ಟೊಳ್ಳು ಬಿಟ್ಟು ಜಿಪ್ಸಮ್‌ನಂಥದ್ದನ್ನು ತುಂಬುತ್ತಾರೆ. ಎಳೆಗಳ ನಡುವೆ ಗಾಳಿ ಉಳಿದಿದ್ದರೆ ಅಳತೆಯೇ ತಪ್ಪು. ಅದಕ್ಕೇ ತಯಾರಾದ ತಲೆಯನ್ನು ಮತ್ತೊಮ್ಮೆ ಸಿಟಿಯಲ್ಲಿ ಮಲಗಿಸಿ, ನಂಬರುಗಳು ರೋಗಿಯ ನಂಬರಿಗೆ ಹತ್ತಿರ ಇವೆಯಾ ಅಂತ ನೋಡಬೇಕು.

ಇಂಥ ತಲೆಯನ್ನು ಹೋಳುಗಳಾಗಿ ಮಾಡಿಕೊಂಡಿರುತ್ತಾರೆ; ಆಮೇಲೆ ಆ ಹೋಳುಗಳ ನಡುವೆ ತೆಳ್ಳನೆಯ ಫಿಲ್ಮ್ ಸೇರಿಸಿ ಕಿರಣ ಹಾಯಿಸುತ್ತಾರೆ. ಹಳದಿ ಛಾಯೆಯ ಫಿಲ್ಮ್ ಡೋಸ್ ಬಿದ್ದಲ್ಲಿ ಕಡು ಹಸಿರಿಗೆ ತಿರುಗುತ್ತದೆ. ಗಡ್ಡೆಯ ಜಾಗ ಕಪ್ಪಗೆ, ಬೆನ್ನುಹುರಿಯ ಜಾಗ ತಿಳಿಯಾಗಿ ಕಂಡರೆ, ಲೆಕ್ಕದಲ್ಲಿದ್ದದ್ದು ಕಣ್ಣಿಗೇ ಕಾಣಿಸಿದ ಹಾಗೆ. ಸ್ಕ್ಯಾನ್ ಮಾಡಿ ಅಂಕಿಯಾಗಿ ಅಳೆಯುವುದು ಆಮೇಲೆ.

ಹೊಸ ವಿಧಾನ ಪರೀಕ್ಷಿಸಲು, ಮೂಗಿನ ಸುತ್ತಲಿನ ಗಡ್ಡೆಯಂಥ ತೊಡಕಿನ ಕೇಸಿಗೆ ಇದು ಬೆಲೆಯುಳ್ಳದ್ದು. ಪ್ರತಿಯೊಬ್ಬರಿಗೂ ಮಾಡುತ್ತಾ ಕೂತರೆ ಚಿಕಿತ್ಸೆಯೇ ತಡವಾದೀತು. ಕಿದ್ವಾಯಿಯಂಥ ಕಡೆ ರಾಜ್ಯದ ಮೂಲೆಮೂಲೆಯಿಂದ ಜನ ಬರುತ್ತಾರೆ, ಅಲ್ವಾ? ಆದ್ದರಿಂದ ‘ಪ್ರಿಂಟ್ ಮಾಡಿದ್ರಾ’ ಅನ್ನುವ ಬದಲು ‘ನಮ್ಮಪ್ಪನ ಪ್ಲಾನನ್ನು ಫ್ಯಾಂಟಮ್ ಮೇಲೆ ಅಳೆದ್ರಾ ಸಾರ್, ಪಾಸಾಯ್ತಾ’ ಎಂದು ಕೇಳಿ. ಸಂಕೋಚ ಬೇಡ.

ಇನ್ನೊಂದು ಮಾತು. ಎಂಥ ಫ್ಯಾಂಟಮ್ ಆದರೂ ಸ್ಕ್ಯಾನ್ ಆದ ದಿನದ ದೇಹವಷ್ಟೇ. ಆರೇಳು ವಾರದಲ್ಲಿ ಬಾಯಿ ಹುಣ್ಣಾಗಿ ಊಟ ಸೇರದೆ ನಿಮ್ಮ ತಂದೆ ಇಳಿದುಹೋಗಬಹುದು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖಕ್ಕೆ ಒತ್ತಿ ಮಾಡಿದ ಆ ಮಾಸ್ಕ್ ಆಗ ಸಡಿಲವಾಗುತ್ತದೆ. ‘ಒಳಗೆ ಗಲ್ಲ ಅಲ್ಲಾಡ್ತಿದೆ’ ಎಂದು ಅವರು ಹೇಳಿದರೆ ಅವತ್ತೇ ಟೆಕ್ನಿಷಿಯನ್ ಕಿವಿಗೆ ಹಾಕಿ. ಬೇಕಿದ್ದರೆ ಮತ್ತೆ ಸ್ಕ್ಯಾನ್ ಮಾಡಿ ಪ್ಲಾನ್ ಬದಲಿಸುತ್ತಾರೆ.