ಮನೆ ನಕ್ಷೆಯ ತಂತ್ರಾಂಶ: ಯಾವಾಗ ಏನು ಕೇಳಬೇಕು?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟಿಗೆ ನಕ್ಷೆ ಬರೆಸಲು ಬರುವವರು ಮೊದಲ ದಿನ ಹೇಳುವುದು ಇಷ್ಟೇ: ಎಷ್ಟು ಚದರ ಬೇಕು, ಬಾಗಿಲು ಯಾವ ದಿಕ್ಕಿಗೆ, ಅಡುಗೆಮನೆ ಆಗ್ನೇಯದಲ್ಲೇ ಇರಬೇಕು. ಗೋಡೆ ಒಂಬತ್ತು ಇಂಚೋ ನಾಲ್ಕೂವರೆ ಇಂಚೋ ಎಂಬ ಮಾತು ಆಗಿನ್ನೂ ಹುಟ್ಟಿರುವುದಿಲ್ಲ. ವಾಸ್ತುಶಿಲ್ಪಿಗಳಿಗೆ ತಂತ್ರಾಂಶ ರೂಪಿಸುವವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಯಾವ ಪ್ರಶ್ನೆಯನ್ನು ಯಾವ ಹಂತದಲ್ಲಿ ಕೇಳಬೇಕೆಂದು ತಿಳಿಯದ ತಂತ್ರಾಂಶದಲ್ಲಿ ಎಷ್ಟು ಸೌಲಭ್ಯಗಳಿದ್ದರೂ ಕೆಲಸ ಸಾಗುವುದಿಲ್ಲ. ವಾಸ್ತುಶಿಲ್ಪದ ತರಗತಿಯಲ್ಲಿ ನಾವೋ ತಂತ್ರಾಂಶದ ಕಮಾಂಡುಗಳನ್ನು ಉರು ಹೊಡೆಯುವುದರಲ್ಲೇ ಸೆಮಿಸ್ಟರ್ ಕಳೆಯುತ್ತೇವೆ.

ನಕ್ಷೆಯ ತಂತ್ರಾಂಶದ ಬೇರು 1963ರಲ್ಲಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಐವನ್ ಸದರ್ಲೆಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬರೆಯುವ ತಂತ್ರಾಂಶ ರೂಪಿಸಿದರು. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದದ್ದನ್ನೇ ಎಲ್ಲರೂ ಕೊಂಡಾಡುತ್ತಾರೆ. ಆದರೆ ಈ ಎರಡು ಗೆರೆ ಸಮಾನಾಂತರವಾಗಿರಲಿ, ಆ ಎರಡು ಸಮ ಉದ್ದವಿರಲಿ ಎಂದು ಅದಕ್ಕೆ ನಿಬಂಧನೆ ಹಾಕಬಹುದಿತ್ತು. ಮೂಲ ಚಿತ್ರವೊಂದನ್ನು ತಿದ್ದಿದರೆ ಅದರ ಪ್ರತಿಗಳೆಲ್ಲ ಬದಲಾಗುತ್ತಿದ್ದವು. 1982ರಲ್ಲಿ ಬಂದ ಆಟೋಕ್ಯಾಡ್ ಡ್ರಾಯಿಂಗ್ ಬೋರ್ಡಿನ ಕೆಲಸವನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿ ಗೋಡೆಯೆಂದರೆ ಎರಡು ಗೆರೆ. ಹಂಗೇರಿಯ ಆರ್ಕಿಕ್ಯಾಡ್, 2000ದಲ್ಲಿ ಬಂದ ರೆವಿಟ್ ಇವು ಗೋಡೆಯನ್ನು ಗೋಡೆಯೆಂದೇ ಗುರುತಿಸಿದವು.

ವ್ಯತ್ಯಾಸ ತಿಳಿಯಲು ಒಂದು ಮೆಟ್ಟಿಲು ಸಾಕು. ಮಹಡಿಯ ಎತ್ತರ 10 ಅಡಿ, ಅಂದರೆ 120 ಇಂಚು. ರೈಸರ್ (ಒಂದು ಮೆಟ್ಟಿಲಿನ ಎತ್ತರ) 6 ಇಂಚಿನಂತೆ 20 ರೈಸರ್, 19 ಟ್ರೆಡ್ (ಕಾಲಿಡುವ ಹಾಸು); ಕೊನೆಯ ರೈಸರ್ ಮಹಡಿಯ ನೆಲಕ್ಕೇ ಏರುವುದರಿಂದ ಟ್ರೆಡ್ ಒಂದು ಕಡಿಮೆ. ಟ್ರೆಡ್ 10 ಇಂಚಾದರೆ ನೇರ ಮೆಟ್ಟಿಲಿನ ಉದ್ದ 15 ಅಡಿ 10 ಇಂಚು. ಮನೆಯ ಯಜಮಾನರು ಬಂದು ಎತ್ತರವನ್ನು ಹತ್ತೂವರೆ ಅಡಿ ಮಾಡಿ ಎಂದರೆ 21 ರೈಸರ್, 20 ಟ್ರೆಡ್. ಉದ್ದ 16 ಅಡಿ 8 ಇಂಚು. ಗೆರೆಗಳ ನಕ್ಷೆಯಲ್ಲಾದರೆ ಪ್ಲಾನ್ (ಮೇಲಿನಿಂದ ಕಂಡಂತೆ), ಸೆಕ್ಷನ್ (ಸೀಳಿ ನೋಡಿದಂತೆ), ಎಲಿವೇಷನ್ (ಎದುರಿನಿಂದ ಕಂಡಂತೆ) ಮೂರನ್ನೂ ಬೇರೆ ಬೇರೆ ತಿದ್ದಬೇಕು, ಒಂದನ್ನು ಮರೆತರೆ ಸೈಟಿನಲ್ಲಿ ಮೇಸ್ತ್ರಿಯ ಮುಂದೆ ಮುಖ ತಗ್ಗಿಸಬೇಕು. ಗೋಡೆಯನ್ನು ಗೋಡೆಯೆಂದೇ ಅರಿಯುವ ತಂತ್ರಾಂಶದ ಮಾದರಿಯಲ್ಲಿ ಎತ್ತರವನ್ನು ಒಮ್ಮೆ ಬದಲಿಸಿದರೆ ಮೂರೂ ನಕ್ಷೆಗಳು ಅದನ್ನೇ ತೋರಿಸಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಹೆಚ್ಚಾದ ಹತ್ತು ಇಂಚು ದೇವರಮನೆಯ ಬಾಗಿಲಿಗೆ ಅಡ್ಡ ಬಂದರೆ? ತಂತ್ರಾಂಶ ತಾನೇ ಜಾಣತನ ತೋರಿಸಿ ಬಾಗಿಲನ್ನು ಸರಿಸಕೂಡದು. ಲೆಕ್ಕ ಅದರದು, ತೀರ್ಮಾನ ನಮ್ಮದು; ಅಡ್ಡ ಬಂದಿದೆ ಎಂದು ಹೇಳಿ ಸುಮ್ಮನಿರಬೇಕು.

ರೆವಿಟ್‌ನಲ್ಲಿ ನನ್ನ ತಕರಾರು ಇರುವುದು ಆರಂಭದ ಹಂತದಲ್ಲಿ. ಗೋಡೆ ಎಳೆಯುವಷ್ಟರಲ್ಲಿ ಅದರ ಬಗೆ, ದಪ್ಪ ಎಲ್ಲವೂ ತೀರ್ಮಾನವಾಗಿಬಿಟ್ಟಿರುತ್ತದೆ. ಅದೇ 2000ದಲ್ಲಿ ಬಂದ ಸ್ಕೆಚ್‌ಅಪ್ ಇನ್ನೊಂದು ದಾರಿ ಹಿಡಿಯಿತು: ಬರೆದ ಆಕೃತಿಯ ಚಪ್ಪಟೆ ಮುಖವನ್ನು ಹಿಡಿದು ಎಳೆದರೆ ಘನಾಕೃತಿ. ಗೆರೆಯ ತುದಿಗೆ ಮೌಸ್ ಹೋದರೆ ಹಸಿರು ಚುಕ್ಕೆ, ನಟ್ಟನಡುವೆ ತಿಳಿನೀಲಿ ಚುಕ್ಕೆ. ನಮ್ಮ ಉದ್ದೇಶವನ್ನು ಊಹಿಸಿ ತೋರಿಸುತ್ತದೆ, ಬೇಡವೆಂದರೆ ಬಿಡುತ್ತದೆ. ಆದರೆ ಅದರಲ್ಲಿ ಎಬ್ಬಿಸಿದ ಪೆಟ್ಟಿಗೆಗೆ ತಾನು ಗೋಡೆಯೆಂಬುದು ತಿಳಿಯದು. ಇಟ್ಟಿಗೆಯ ಲೆಕ್ಕಕ್ಕೆ ಅದು ಒದಗದು.

ಕಡತದ ವಿಚಾರ ಚಿಕ್ಕದು, ಆದರೆ ಬಿಡುವಂತಿಲ್ಲ. ಕಂಬಿ ಮೇಲೆ ಬಿಟ್ಟ ಮನೆಗೆ ಹತ್ತು ವರ್ಷದ ಮೇಲೆ ಮಹಡಿ ಏರಿಸುತ್ತಾರೆ. ಆಗ ಹಳೆಯ ನಕ್ಷೆ ಯಾವ ತಂತ್ರಾಂಶದಲ್ಲಾದರೂ ತೆರೆದುಕೊಳ್ಳಬೇಕು. ಐಎಫ್‌ಸಿ ಎಂಬ ಮುಕ್ತ ಕಡತ-ರೂಪ, ಅಂದರೆ ಯಾವುದೇ ಒಂದು ಕಂಪನಿಗೆ ಸೇರದ ರೂಪ, ಇರುವುದು ಇದಕ್ಕೆ. 2013ರಿಂದ ಅದು ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನದಂಡ.

ಅಭ್ಯಾಸಕ್ಕೆ ಚಿತ್ರದುರ್ಗದ ಕೋಟೆಯ ಗೋಡೆಯ ಒಂದು ತುಣುಕನ್ನು ಆರಿಸಿಕೊಳ್ಳಿ. ಗೋಡೆ ಎಂಬ ಸಾಧನ ಕೇಳುವುದು ಗೆರೆ, ದಪ್ಪ, ಎತ್ತರ. ಅಲ್ಲಿ ಕೆತ್ತಿದ ಕಲ್ಲಿನ ಸಾಲು ಹೆಬ್ಬಂಡೆಗೆ ಹೋಗಿ ಸೇರುತ್ತದೆ, ಮುಂದೆ ಬಂಡೆಯೇ ಗೋಡೆ. ಗೋಡೆ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು? ಮೆನುವಿನಲ್ಲಿ ಇದಕ್ಕೆ ಉತ್ತರವಿಲ್ಲ. ಇಂಥ ಕಡೆ ಲೇಸರ್ ಸ್ಕ್ಯಾನ್ ಮಾಡಿ ಬಿಂದುಗಳ ರಾಶಿಯಿಂದ ಕೆಲಸ ಆರಂಭಿಸುವ ಕ್ರಮವಿದೆ. ಮೊದಲು ಆಕಾರ ದಾಖಲಾಗುತ್ತದೆ. ಯಾವುದು ಗೋಡೆ, ಯಾವುದು ಬಂಡೆ ಎಂಬುದನ್ನು ಆಮೇಲೆ ಕೂತು ಗುರುತಿಸಬಹುದು.